ಅಟ್ಟದ ಕಾಯಿ ಅಲ್ಲಾಡಿಸಿದ ನಾಯಕಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಅರಸೀಕೆರೆಯ ನನ್ನ ಕೊಬ್ಬರಿ ಅಂಗಡಿಗೆ ತಮ್ಮನ ಮಗಳು ಸ್ಫೂರ್ತಿ ತನ್ನ ಕಾದಂಬರಿ ಹಿಡಿದು ಬಂದಳು. ಸ್ಪರ್ಧೆಗೆ ಕಳಿಸಲು ಇವತ್ತೇ ಕೊನೆಯ ದಿನ. ಕಥೆಯಲ್ಲಿ ಸರ್ಕಾರವೇ ಮಕ್ಕಳು, ದೊಡ್ಡವರು ಎನ್ನದೆ ಎಲ್ಲರಿಗೂ ವಿಆರ್ ಕನ್ನಡಕ ಹಾಕಿ, ನಿಜದಂತೆಯೇ ಕಾಣುವ ಆಟ ಆಡಿಸುತ್ತದೆ. ಸೋತವರು ಮತ್ತೆ ಏಳುವುದಿಲ್ಲ. ನಾಯಕಿ ನಮ್ಮ ಪಕ್ಕದ ಊರು ಕಣಕಟ್ಟೆಯವಳು.

"ನಮ್ಮ ಮೇಷ್ಟ್ರು ಊರು ಬದಲಾಯಿಸಿ ಅಮೆರಿಕ ಅಂತ ಹಾಕು ಅಂತಾರೆ. ನಾನು ಬದಲಾಯಿಸಲ್ಲ. ಆದ್ರೆ ನಾಯಕಿ ಆಟ ಗೆದ್ದು ಮನೆಗೆ ಬಂದ್ಮೇಲೆ ಇದು ನಿಜವಾದ ಮನೆನಾ, ಇನ್ನೂ ಆಟನಾ ಅಂತ ಅವಳು ಹೆಂಗೆ ಕಂಡುಹಿಡೀತಾಳೆ ದೊಡ್ಡಪ್ಪ?"

"ಅಟ್ಟ ಹತ್ತಿ, ಕೊಬ್ಬರಿ ಆಗ್ಲಿ ಅಂತ ಇಟ್ಟ ತೆಂಗಿನಕಾಯಿ ಅಲ್ಲಾಡಿಸ್ಲಿ. ಒಣಗಿದ್ರೆ ಒಳಗೆ ಕೊಬ್ಬರಿ ಸದ್ದು ಮಾಡುತ್ತೆ."

"ಅಯ್ಯೋ, ಆ ಸದ್ದು ಆಟದಲ್ಲೂ ಹಾಕಿರ್ತಾರೆ!"

"ಹಾಕ್ತಾರೆ ಕಣೇ, ಎಲ್ಲಾ ಕಾಯಿಗೂ ಹಾಕ್ತಾರೆ. ವರ್ಷ ಅಟ್ಟದಲ್ಲಿಟ್ಟ ಕಾಯಲ್ಲಿ ಒಂದಷ್ಟು ಕೊಳೆತೇ ಇರ್ತವೆ. ಒಂದೂ ಕೆಟ್ಟಿಲ್ಲ ಅಂದ್ರೆ ಅದು ನಮ್ಮನೆ ಅಟ್ಟ ಅಲ್ಲ."

ಹುಡುಗಿ ಅಲ್ಲೇ ಚೀಲದ ಮೇಲೆ ಕೂತು ಬರೆದಳು, ಊಟಕ್ಕೂ ಏಳಲಿಲ್ಲ. ಸಂಜೆಯೊಳಗೆ ಕಳಿಸಿಯೂ ಬಿಟ್ಟಳು. ಕಣಕಟ್ಟೆ ಹಾಗೇ ಇದೆ.

ಉಪಕಾರಕ್ಕೆ ಪ್ರತಿಯಾಗಿ ಒಬ್ಬ ಕೊಬ್ಬರಿ ವ್ಯಾಪಾರಿಯನ್ನೂ ಕಥೆಗೆ ಸೇರಿಸಿದ್ದಾಳೆ. ಎರಡನೇ ಸುತ್ತಿಗೇ ಸಾಯುತ್ತಾನೆ. "ಉಳಿಸಮ್ಮ" ಎಂದು ಕೇಳಿಕೊಂಡೆ.

"ಆಗಲ್ಲ ದೊಡ್ಡಪ್ಪ. ಎದುರಿಗೆ ರಾಕ್ಷಸ ಬಂದ್ರೂ ನೀವು ಚೌಕಾಸಿ ಮಾಡ್ತಾ ನಿಂತ್ಬಿಡ್ತೀರಿ."

ಪಾತ್ರ ಸರಿಯಾಗಿಯೇ ಬಂದಿದೆ ಎಂದು ಒಪ್ಪಿಕೊಂಡೆ.