ಬಾಂಗಿನವರೆಗೆ ಇದ್ದ ಹಾಡು

ಹೋದ ವಾರ ಕುವೈತಿನ ಹವಲ್ಲಿಯ ನಮ್ಮ ಹೊಲಿಗೆ ಅಂಗಡಿಯಲ್ಲಿ ಕೂತು ಮದುಮಗಳ ಗೌನಿನ ಅಂಚು ಮಡಚುತ್ತಿದ್ದೆ. ಬಿಳಿ ಸ್ಯಾಟಿನ್ ಬಹಳ ಜಾರುವ ಬಟ್ಟೆ. ಅದನ್ನು ಹೊಲಿಯುವಾಗ ಯಾರಾದರೂ ಚಹಾ ಬೇಕೇ ಎಂದು ಕೇಳಿದರೂ ನನಗೆ ಸಿಟ್ಟು ಬರುತ್ತದೆ. ಪಕ್ಕದ ಮೊಬೈಲ್ ಅಂಗಡಿಯ ಭಾಯಿ ಗಿರಾಕಿಗಳನ್ನು ಸೆಳೆಯಲು ಬಾಗಿಲಲ್ಲಿ ದೊಡ್ಡ ಸ್ಪೀಕರ್ ಇಟ್ಟಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಹಾಡು. ಅವು ಯಾವುವೂ ನನ್ನ ಕಿವಿಗೆ ಬೀಳುವುದಿಲ್ಲ. ಆ ದಿನ ಮಾತ್ರ ಒಂದು ಬಿತ್ತು. ಗಿಟಾರಿನ ಮೊದಲ ಎರಡು ಸ್ವರಕ್ಕೇ ನನ್ನ ಕಾಲು ಪೆಡಲಿನಿಂದ ಎದ್ದುಬಿಟ್ಟಿತು.

ಅದು ವಾಲ್ಟರ್ ಹಾಡುತ್ತಿದ್ದ ಹಾಡು. ವಾಲ್ಟರ್ ನನ್ನ ಗಂಡ. ಅವರು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು.

ಹಾಡು ನಿಲ್ಲುವ ಜಾಗಕ್ಕಾಗಿ ಕಾದೆ. ಆ ಹಾಡು ಒಂದು ಕಡೆ ನಿಲ್ಲಬೇಕು, ನಮಗೆ ಗೊತ್ತಿರುವುದು ಹಾಗೆ. ಅದು ನಿಲ್ಲುವ ಅಂದಾಜು ಕಾಣದಾಗ ನಾನು ಎದ್ದು ಅಂಗಡಿಯ ಗಾಜಿನ ಬಾಗಿಲನ್ನು ದಢಕ್ಕನೆ ಮುಚ್ಚಿದೆ. ಭಾಯಿ ಗಾಜಿನ ಆಚೆಯಿಂದ ಗಾಬರಿಯಲ್ಲಿ ಕೈ ಎತ್ತಿ, "ಕ್ಯಾ ಹುವಾ ದೀದಿ?" ಎಂದ. ಏನು ಹೇಳಲಿ? ನಿಮಗಾದರೆ ಹೇಳಬಹುದು. ನಿಮಗೆ ಗಿರಾಕಿಗಳು ಕಾಯುತ್ತಿಲ್ಲ ಎಂದುಕೊಂಡಿದ್ದೇನೆ.

ವಾಲ್ಟರ್ ಕುವೈತ್ ಸಿಟಿಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ವಾರವಿಡೀ ಪೈಪು, ನಟ್ಟು, ಬೋಲ್ಟು. ವಾರದ ಕೊನೆಗೆ ಮಾತ್ರ ಅವರು ಗಾಯಕ. ಗೆಳೆಯ ಹೆನ್ರಿಯ ಗಿಟಾರು, ಇವರ ದನಿ, ಇನ್ನಿಬ್ಬರ ಕೀಬೋರ್ಡು, ಡ್ರಮ್ಮು. ಇಲ್ಲಿನ ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರಿಸ್ತುವರ ಮದುವೆ, ನಾಮಕರಣ, ಬೆಳ್ಳಿಹಬ್ಬ ಎಲ್ಲಕ್ಕೂ ಈ ನಾಲ್ವರೇ. ನಮ್ಮಲ್ಲಿ ಮದುವೆಯ ಊಟಕ್ಕೆ ಮುಂಚೆ ಮದುಮಕ್ಕಳು ಕುಣಿಯಬೇಕು. ಕುಣಿಯಲು ಒಂದು ಇಂಗ್ಲಿಷ್ ಪ್ರೀತಿಯ ಹಾಡು ಬೇಕು. ಮದುಮಕ್ಕಳಿಗೆ ಶುಭ ಕೋರಿ ಟೋಸ್ಟ್ ಎತ್ತಲು ಇಲ್ಲಿ ವೈನ್ ಇಲ್ಲ, ದ್ರಾಕ್ಷಿ ಜ್ಯೂಸ್‌ನಲ್ಲೇ ಸುಧಾರಿಸುತ್ತೇವೆ. ಆದರೆ ಹಾಡಿನಲ್ಲಿ ಸುಧಾರಿಸುವುದಿಲ್ಲ.

ನಮ್ಮ ಮದುವೆಗೆ ಮುಂಚಿನ ವರ್ಷ ರೇಡಿಯೊದಲ್ಲಿ ಈ ಹಾಡು ಬರುತ್ತಿತ್ತಂತೆ. ದಕ್ಷಿಣ ಅಮೆರಿಕದ ಕಡೆಯ, ಸ್ಪ್ಯಾನಿಶ್ ಮಾತಾಡುವ ಹುಡುಗರ ತಂಡ. ಅದರ ಹೆಸರು ನನ್ನ ಬಾಯಿಗೆ ಎಂದೂ ಸರಿಯಾಗಿ ಬರಲಿಲ್ಲ, ಇಲ್ಲಿ ಬರೆದು ತಪ್ಪು ಮಾಡುವುದು ಬೇಡ. ತಮ್ಮ ಭಾಷೆಯಲ್ಲಿ ಹಾಡಿ ಹೆಸರು ಮಾಡಿದವರು, ದೊಡ್ಡ ಪೇಟೆಗೆ ತಲುಪಲೆಂದು ಇದೊಂದನ್ನು ಇಂಗ್ಲಿಷಿನಲ್ಲಿ ಹಾಡಿದ್ದರು. ವಾಲ್ಟರ್‌ಗೆ ಹಾಡಿಗಿಂತ ಈ ಸಂಗತಿಯೇ ಹಿಡಿಸಿದ್ದು. "ನಮ್ಮ ಹಾಗೆಯೇ ನೋಡು," ಎನ್ನುತ್ತಿದ್ದರು. "ಮನೆಯಲ್ಲಿ ಒಂದು ಭಾಷೆ, ಹೊಟ್ಟೆಪಾಡಿಗೆ ಇನ್ನೊಂದು. ಪಾಪ, ಒಂದು ಸಾಲಾದರೂ ಅವರ ಭಾಷೆಯದ್ದು ಹಾಕಬಾರದಿತ್ತಾ?"

ಕ್ಯಾಸೆಟ್ ಅಂಗಡಿಯಲ್ಲಿ ಅದು ಸಿಗಲಿಲ್ಲ. ಹಾಗಾಗಿ ಟೇಪ್ ರೆಕಾರ್ಡರ್‌ನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಎಷ್ಟೋ ಸಂಜೆ ಕಾದರಂತೆ. ಕೊನೆಗೊಂದು ದಿನ ಹಾಡು ಬಂತು, ಗುಂಡಿ ಒತ್ತಿದರು. ಅರ್ಧ ಆಗುವಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತಿನ ನಮಾಜಿನ ಬಾಂಗ್. ಇಲ್ಲಿನ ರೇಡಿಯೊದಲ್ಲಿ ಬಾಂಗಿನ ಹೊತ್ತಿಗೆ ಹಾಡನ್ನು ನಿಲ್ಲಿಸುತ್ತಾರೆ. ಬಾಂಗ್ ಮುಗಿದ ಮೇಲೆ ವಾರ್ತೆ ಬಂತು, ಹಾಡು ಬರಲಿಲ್ಲ. ಆಮೇಲೆ ಎಷ್ಟು ಕಾದರೂ ಆ ಹಾಡು ಅವರ ಟೇಪಿಗೆ ಸಿಗಲೇ ಇಲ್ಲ.

ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ವಾಲ್ಟರ್ ಸ್ಟೋರ್ ಕೀಪರ್, ಅರ್ಧ ಬಂದ ಮಾಲನ್ನೂ ಬಿಸಾಡುವವರಲ್ಲ. ಸಿಕ್ಕಿದ ಅರ್ಧವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಅದನ್ನೇ ಎರಡು ಸಲ ಹಾಡುವುದೆಂದು ತೀರ್ಮಾನವಾಯಿತು. ಟೇಪು ಕಡಿದ ಜಾಗದಲ್ಲಿ ಸುಮ್ಮನಿರುವುದು, ನಾಲ್ಕು ಎಣಿಸುವುದು, ಮತ್ತೆ ಮೊದಲಿನಿಂದ ಶುರು. ಎರಡನೆಯ ಸಲ ಸಪ್ಪೆಯಾಗುತ್ತದೆಂದು ಅದಕ್ಕೆ ಕೊಂಕಣಿಯಲ್ಲಿ ಮಾತುಗಳನ್ನು ತಾವೇ ಜೋಡಿಸಿದರು. ಅದರಲ್ಲಿ ಒಬ್ಬ ಗಂಡಸು ತನ್ನವಳನ್ನು ಕಾಯುತ್ತಿರುತ್ತಾನೆ, ಕಾದು ಕಾದು ಬಂಗುಡೆ ಮೀನಿನ ಸಾರು ಆರಿಹೋಗುತ್ತದೆ.

"ಪ್ರೀತಿಯ ಹಾಡಿನಲ್ಲಿ ಬಂಗುಡೆ ಯಾಕೆ?" ಎಂದು ನಾನು ಹೊಸತರಲ್ಲಿ ಕೇಳಿದ್ದೆ.

"ಪ್ರೀತಿ ಇಲ್ಲದವನು ಸಾರು ಆರುವವರೆಗೆ ಕಾಯುತ್ತಾನಾ? ಉಂಡು ಮಲಗುತ್ತಾನೆ."

ಆ ನಾಲ್ಕು ಎಣಿಕೆ ಬರಬರುತ್ತಾ ಒಂದು ಕ್ರಮವೇ ಆಯಿತು. ಹಾಡು ನಿಂತ ಕೂಡಲೇ ಕುಣಿಯುತ್ತಿದ್ದ ಜೋಡಿಗಳೆಲ್ಲ ಇದ್ದಲ್ಲೇ ನಿಲ್ಲುವುದು, ಒಬ್ಬರ ಮುಖ ಒಬ್ಬರು ನೋಡುವುದು. ಊರಿನಿಂದ ಹೊಸದಾಗಿ ಬಂದವರು, "ಇದೇನು, ಕರೆಂಟ್ ಹೋಯಿತಾ?" ಎಂದರೆ ಹಳಬರು ಗಂಭೀರವಾಗಿ, "ಆ ದೇಶದಲ್ಲಿ ಹಾಗೆಯೇ ಕುಣಿಯುವುದು" ಎಂದು ತಿಳಿಸಿಕೊಡುತ್ತಿದ್ದರು. ಆ ದೇಶದವರಿಗೆ ಇದು ಗೊತ್ತಾದರೆ ಏನೆಂದುಕೊಂಡಾರೋ!

ನಾನು ಮಾತ್ರ ಆ ಹಾಡಿಗೆ ಒಮ್ಮೆಯೂ ಕುಣಿದವಳಲ್ಲ. ನಮ್ಮ ಮದುವೆಯಲ್ಲೇ ಊರಿನ ಬ್ಯಾಂಡಿನವರಿಗೆ ಹಾಡು ಗೊತ್ತಿಲ್ಲವೆಂದು ಮದುಮಗನೇ ಮೈಕು ಹಿಡಿದರು. ನಾನು ಉದ್ದದ ಗೌನು ಹಿಡಿದುಕೊಂಡು ನಡುಮನೆಯ ಕಂಬದ ಹಾಗೆ ನಿಂತೆ. ಕೊನೆಗೆ ಮಾವ ಬಂದು ಕೈ ಹಿಡಿದರು. ಅವರಿಗೆ ಮಂಡಿನೋವು, ಕುಣಿತ ಹೋಗಲಿ, ಇಬ್ಬರೂ ಬೀಳದೆ ನಿಂತದ್ದೇ ದೊಡ್ಡದು. ಆಮೇಲಿನ ವರ್ಷಗಳಲ್ಲಿ ಅವರು ಸ್ಟೇಜಿನ ಮೇಲೆ, ನಾನು ಕೆಳಗೆ ಕುಣಿಯಲು ಹೋದ ಹೆಂಗಸರ ವ್ಯಾನಿಟಿ ಬ್ಯಾಗುಗಳ ನಡುವೆ. ಬ್ಯಾಗು ಕಾಯುವುದರಲ್ಲಿ ನನ್ನಷ್ಟು ನಂಬಿಕಸ್ಥೆ ಕುವೈತಿನಲ್ಲಿ ಇನ್ನೊಬ್ಬಳಿಲ್ಲ. ಆದರೆ ಆ ನಾಲ್ಕು ಎಣಿಕೆ ಬಂದಾಗ ವಾಲ್ಟರ್ ಅಷ್ಟು ಜನರ ತಲೆಯ ಮೇಲಿಂದ ನನ್ನನ್ನು ಹುಡುಕಿ ಹುಬ್ಬು ಎತ್ತುತ್ತಿದ್ದರು. ಏಕ್, ದೋನ್, ತೀನ್, ಚಾರ್. ಅಷ್ಟು ಹೊತ್ತು ಹಾಡು ನನ್ನದು.

ಉಳಿದರ್ಧ ಕೇಳಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಮಗಳು ರೀಮಾ ಫೋನಿನಲ್ಲಿ ಹುಡುಕಿ, "ಡ್ಯಾಡಿ, ಫುಲ್ ಸಾಂಗ್ ಇಸ್ ಹಿಯರ್" ಎಂದಾಗ ಕಿವಿಗೆ ಬೆರಳಿಟ್ಟುಕೊಂಡರು. "ಬೇಡ ಮಗಾ. ಅದು ಕೇಳಿದರೆ ನಮ್ಮದು ತಪ್ಪಾಗುತ್ತದೆ." ಒಮ್ಮೆ ಫರ್ವಾನಿಯಾದ ಸೂಪರ್ ಮಾರ್ಕೆಟ್ಟಿನಲ್ಲಿ ಅದು ಶುರುವಾದಾಗ ತುಂಬಿದ ಟ್ರಾಲಿಯನ್ನು ಅಲ್ಲೇ ಬಿಟ್ಟು ನನ್ನ ಕೈ ಎಳೆದುಕೊಂಡು ಹೊರಗೆ ಓಡಿದ್ದರು. ಕಾವಲಿನವನಿಗೆ ನಮ್ಮ ಮೇಲೆ ಸಂಶಯ ಬಂದಿತ್ತು.

ಈಗ ತಿಳಿಯಿತಲ್ಲ, ನಾನೇಕೆ ಬಾಗಿಲು ಮುಚ್ಚಿದೆನೆಂದು.

ಆ ದಿನ ನಾನು ಹೊಲಿಯುತ್ತಿದ್ದ ಗೌನು ಹೆನ್ರಿಯ ಮಗಳು ಲವಿಟಾಳದ್ದು. ಮರುದಿನ ಅದನ್ನು ಒಯ್ಯಲು ಬಂದ ಹೆನ್ರಿ ಸ್ಟೂಲಿನ ಮೇಲೆ ಕೂತು ಅಳತೆಯ ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ.

"ಬಾಯೆ," ಎಂದ, ತಂಗಿಯನ್ನು ಕರೆಯುವ ಹಾಗೆ. "ವಾಲ್ಟರ್ ಹೋದ ಮೇಲೆ ನಾವು ಆ ಹಾಡು ಬಾರಿಸಿಲ್ಲ."

"ನನಗೆ ಗೊತ್ತಿಲ್ಲ. ನಾನು ಒಂದು ವರ್ಷ ಯಾವ ಮದುವೆಗೂ ಬಂದಿಲ್ಲವಲ್ಲ."

"ಲವಿಟಾಳಿಗೆ ಅದೇ ಬೇಕಂತೆ. ಹುಟ್ಟಿದಾಗಿನಿಂದ ಕೇಳಿದ್ದು. ಆದರೆ ಹಾಡುವವರಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹಾಕುತ್ತಾಳಂತೆ, ಪೂರ್ತಿ. ನೀನು ಬೇಡ ಅಂದರೆ ಬೇಡ. ಖಲಾಸ್."

ಬೇಡ ಎನ್ನಲು ಬಾಯಿ ತೆರೆದೆ. ಪೂರ್ತಿ ಹಾಡು ಬಂದರೆ ನನ್ನ ನಾಲ್ಕು ಎಣಿಕೆ ಹೋಯಿತು. ಅವರು ಬಿಟ್ಟುಹೋದದ್ದರಲ್ಲಿ ಬೀಗ ಹಾಕಿಡಲಾಗದ ವಸ್ತು ಅದೊಂದೇ. ಆದರೆ ಮೇಜಿನ ಮೇಲೆ ಗೌನು ಇತ್ತು, ನಾನೇ ಹೊಲಿದದ್ದು. ಕುಣಿಯಲು ತೊಡಕಾಗಬಾರದೆಂದು ಅಂಚನ್ನು ಒಂದು ಬೆರಳು ಮೇಲಕ್ಕೆ ಎತ್ತಿದ್ದೆ.

"ಹಾಕಲಿ ಹೆನ್ರಿ," ಎಂದೆ. "ಬ್ಯಾಗು ಕಾಯಲು ನಾನು ಬರುತ್ತೇನೆ."

ಮೊನ್ನೆ ಶುಕ್ರವಾರ ರೀಮಾಳ ಜೊತೆ ಹೋದೆ. ಶೋಕದ ಕಪ್ಪು ಬಿಟ್ಟು ನೀಲಿ ಸೀರೆ ಉಟ್ಟಿದ್ದೆ. ಹಳೆಯ ಜಾಗ, ಹಳೆಯ ಕೆಲಸ. ಒಂಬತ್ತು ಬ್ಯಾಗು ಮಡಿಲಿಗೆ ಬಂದವು. ಸ್ಟೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ಹಾಡು ಶುರುವಾಯಿತು, ನಾನು ಬ್ಯಾಗುಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಜಾಗ ಬಂತು. ಹಾಡು ನಿಲ್ಲಲಿಲ್ಲ.

ಆದರೆ ಹಳಬರೆಲ್ಲ ನಿಂತುಬಿಟ್ಟರು! ಯಾರೂ ಹೇಳಿದ್ದಲ್ಲ, ಕಾಲಿನ ಅಭ್ಯಾಸ. ಹತ್ತು ಹನ್ನೆರಡು ಜೋಡಿ ಗೊಂಬೆಗಳ ಹಾಗೆ ನಿಂತವು. ಹೊಸ ಮಕ್ಕಳು ಕುಣಿಯುತ್ತಾ ಹೋಗಿ ಅವರಿಗೆ ಢಿಕ್ಕಿ ಹೊಡೆದರು. ಮದುಮಗ ಮಾವ ಹೆನ್ರಿಯ ಬೆನ್ನಿಗೇ ಗುದ್ದಿದ. "ಡ್ಯಾಡಿ, ಮೂವ್!" ಎಂದು ಲವಿಟಾ ಕೂಗಿದಳು. "ನಿಲ್ಲು ಮಾರಾಯ್ತಿ, ಇನ್ನೂ ಎರಡು ಬಾಕಿ ಇದೆ," ಎಂದ ಹೆನ್ರಿ. ಹಾಲ್ ತುಂಬಾ ನಗು. ನಾನೂ ನಕ್ಕೆ, ಮಡಿಲಿನ ಬ್ಯಾಗು ಉರುಳುವಷ್ಟು.

ಆ ಗಲಾಟೆಯ ನಡುವೆಯೇ ಹಾಡಿನ ಉಳಿದರ್ಧ ಕಿವಿಗೆ ಬಿತ್ತು. ಒಂದು ಮಾತೂ ಅರ್ಥವಾಗಲಿಲ್ಲ. ಅದು ಇಂಗ್ಲಿಷ್ ಅಲ್ಲ. ಆ ಹುಡುಗರು ತಮ್ಮ ಮನೆಮಾತಿಗೆ ತಿರುಗಿದ್ದರು. ದನಿಯೇ ಬೇರೆಯಾಗಿತ್ತು, ಚಪ್ಪಲಿ ಕಳಚಿ ಮನೆಯೊಳಗೆ ಬಂದವರ ಹಾಗೆ. ರೀಮಾ ನನ್ನ ಪಕ್ಕಕ್ಕೆ ಬಗ್ಗಿ, "ಮಮ್ಮಿ, ದೇ ಆರ್ ಸಿಂಗಿಂಗ್ ಇನ್ ಸ್ಪ್ಯಾನಿಶ್! ಜಸ್ಟ್ ಲೈಕ್ ಡ್ಯಾಡಿ," ಎಂದಳು.

ಅಯ್ಯೋ, ನಿಮ್ಮದು ತಪ್ಪಾಗಿರಲಿಲ್ಲ ಮಾರಾಯ್ರೆ, ಎಂದು ಮನಸ್ಸಿನಲ್ಲೇ ವಾಲ್ಟರ್‌ಗೆ ಹೇಳಿದೆ. ಬಂಗುಡೆ ಸಾರೊಂದು ಹೆಚ್ಚಾಗಿತ್ತು, ಅಷ್ಟೆ.

ನಾನು ಒಂಬತ್ತೂ ಬ್ಯಾಗುಗಳನ್ನು ಕುರ್ಚಿಯ ಮೇಲೆ ರಾಶಿ ಹಾಕಿದೆ, ರೀಮಾಳ ಕೈ ಹಿಡಿದೆ. ಅವಳಿಗೆ ಆಶ್ಚರ್ಯ. ನನಗೆ ಹೆಜ್ಜೆ ಬರುವುದಿಲ್ಲ, ನಮ್ಮ ಮದುವೆಯ ದಿನ ಮಾವ ನಿಂತ ಹಾಗೆಯೇ ಬೀಳದೆ ನಿಂತೆ. ಯಾರ ಬ್ಯಾಗೂ ಕಳೆದುಹೋಗಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೇ ಇಟ್ಟಿದ್ದೆ. ಭಾಯಿ ಇಣುಕಿ, "ಆಜ್ ಗುಸ್ಸಾ ನಹೀಂ?" ಎಂದ. ಆ ಹಾಡು ಹಾಕು ಎಂದೆ. ಹಾಕಿದ. ಪರದೆ ಬಟ್ಟೆಯ ಉದ್ದನೆಯ ಹೊಲಿಗೆ ಹಾಕುತ್ತಾ ಕೇಳಿದೆ. ಆ ಜಾಗ ಬಂದಾಗ ಪೆಡಲಿನಿಂದ ಕಾಲು ತೆಗೆದು ನಾಲ್ಕು ಎಣಿಸಿದೆ. ಹಾಡು ನನ್ನನ್ನು ಬಿಟ್ಟು ಸ್ವಲ್ಪ ಮುಂದೆ ಹೋಗಿತ್ತು. ಪರವಾಗಿಲ್ಲವೆಂದು ಪೆಡಲು ಒತ್ತಿ, ಅದರ ಹಿಂದೆಯೇ ಹೋದೆ.