ಕಫ ಬಾರದ ಕೆಮ್ಮು

ಸಾನಿಯಾಳ ಫ್ರಾಕು ಭುಜದಿಂದ ಜಾರತೊಡಗಿದಾಗ ನನಗೆ ಮೊದಲ ಅನುಮಾನ ಬಂತು. ನಾಲ್ಕು ವರ್ಷದ ಮಗಳು. ಬೆಳೆಯಬೇಕಾದವಳು ಸೊರಗುತ್ತಿದ್ದಳು. ಜೊತೆಗೆ ಕೆಮ್ಮು. ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ಮೆಣಸಿನಕಾಯಿ ಘಾಟಿಗೆ ಊರೇ ಕೆಮ್ಮುತ್ತದೆ, ನನ್ನ ಗಂಡನ ಅಂಗಡಿಯೂ ಅದರದೇ. ಒಂದು ಸಿರಪ್ ಮುಗಿದು ಇನ್ನೊಂದು ಬಂತು. ಕೆಮ್ಮು ಹೋಗಲಿಲ್ಲ. ಸಂಜೆಯ ಜ್ವರವೂ ಹೋಗಲಿಲ್ಲ.

ಹಾವೇರಿಯ ಮಕ್ಕಳ ಡಾಕ್ಟರಮ್ಮ ಎಕ್ಸ್‌ರೇ ನೋಡುತ್ತಲೇ ಕೇಳಿದರು: "ಮನ್ಯಾಗ ಮತ್ತ ಯಾರಿಗರೆ ಕೆಮ್ಮು ಐತೇನ್ರಿ?"

"ನಮ್ಮ ಅತ್ತಿಯವರಿಗೆ ಐತ್ರಿ. ರಾಣೇಬೆನ್ನೂರಿಂದ ಬಂದಾಗಿಂದ ಕೆಮ್ಮಾಕತ್ಯಾರ. ಇಕಿ ಅವರ ಮಗ್ಗಲದಾಗ ಮಲಗ್ತಾಳ್ರಿ."

"ಇಬ್ಬರಿಗೂ ಟಿ.ಬಿ. ಇರಬೌದು."

ಅತ್ತೆ ಕಫ ಉಗುಳಿ ಕೊಟ್ಟರು. ಅವರಿಗೆ ಟಿ.ಬಿ. ಎಂದು ಬೇಗನೇ ಖಾತ್ರಿಯಾಯಿತು. ಸಾನಿಯಾಗೆ ಉಗುಳು ಎಂದರೆ ಬರೀ ಜೊಲ್ಲು ಬಂತು.

"ಸಣ್ಣ ಮಕ್ಕಳು ಕಫ ನುಂಗಿಬಿಡ್ತಾವ್ರಿ" ಎಂದರು ಡಾಕ್ಟರು. "ಹೊಟ್ಟ್ಯಾಗಿಂದನ ತಗೀಬೇಕು. ಸಿಗಲಿಲ್ಲಂದ್ರೂ ಔಷಧ ಸುರು ಮಾಡ್ತೀವಿ. ಆದ್ರ ಸಿಕ್ರ, ಯಾವ ಔಷಧ ನಾಟತೈತಿ ಅನ್ನೂದೂ ತಿಳೀತೈತಿ."

ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅವಳ ಮೂಗಿನಿಂದ ತೆಳ್ಳಗಿನ ಟ್ಯೂಬ್ ಇಳಿಸಿದರು. ಕೈಗಳನ್ನು ಹಿಡಿದುಕೊಂಡವಳು ನಾನೇ. "ಅಮ್ಮೀ, ಬ್ಯಾಡ!" ಎಂದು ಚೀರಿದಳು. ಆಮೇಲೆ ಬಸ್ಸಿನಲ್ಲಿ ಬ್ಯಾಡಗಿ ಬರುವವರೆಗೂ ನನ್ನತ್ತ ತಿರುಗಿ ನೋಡಲಿಲ್ಲ. ಇಷ್ಟೆಲ್ಲ ಮಾಡಿಯೂ ಏನೂ ಸಿಗದಿದ್ದರೆ?

ಸಿಕ್ಕಿತು!

ಪಾಸಿಟಿವ್. ಮಾಮೂಲಿ ಔಷಧಗಳೇ ನಾಟುತ್ತವೆ ಎಂದೂ ರಿಪೋರ್ಟಿನಲ್ಲಿತ್ತು. ನಾನು ಆಸ್ಪತ್ರೆಯ ಬೆಂಚಿನಿಂದ ಜಿಗಿದೆದ್ದು ನಕ್ಕುಬಿಟ್ಟೆ. ಗಂಡ ಗಾಬರಿಯಾದ.

"ಹುಚ್ಚಿ ಏನ ನೀ? ಕೂಸಿಗೆ ಟಿ.ಬಿ. ಅಂದ್ರ ನಗಾಕತ್ತೀಯಲ್ಲ!"

"ಯಾವ ಜಡ್ಡಂತ ಗೊತ್ತಾತಲ್ರೀ! ಇನ್ನ ಕತ್ತಲದಾಗ ಹುಡುಕೂದಿಲ್ಲ!"

ನಗುತ್ತಲೇ ಅಳು ಬಂತು. ಪಕ್ಕದವರು ನಮಗೇನೋ ಶುಭವಾಗಿದೆ ಎಂದುಕೊಂಡಿರಬೇಕು. ಆಗಿತ್ತು ಕೂಡ.

"ನನ್ನಿಂದನ ಕೂಸಿಗೆ ಬಂತು" ಎಂದು ಅತ್ತೆ ಕೊರಗಿ ಊಟ ಬಿಟ್ಟಿದ್ದರು. ಅವರನ್ನು ಎಬ್ಬಿಸಿದವಳು ಸಾನಿಯಾ. ಈಗ ಬೆಳಗ್ಗೆ ಇಬ್ಬರೂ ಎದುರುಬದುರು ಕೂರುತ್ತಾರೆ. ಇವಳದು ನೀರಲ್ಲಿ ಕರಗಿಸಿದ ಗುಳಿಗೆ, ಅವರದು ನುಂಗುವಂಥದ್ದು. "ದಾದೀ, ನಾನ ಮೊದ್ಲ!" ಎಂದು ಇವಳು ಗಟಗಟ ಕುಡಿಯುತ್ತಾಳೆ. ಅತ್ತೆ ಬೇಕೆಂದೇ ನಿಧಾನಿಸುತ್ತಾರೆ.

ಔಷಧದ ತಿಂಗಳುಗಳು ಇನ್ನೂ ಉಳಿದಿವೆ. ಗೆದ್ದೆವು ಎನ್ನುವ ಧೈರ್ಯ ನನಗಿನ್ನೂ ಇಲ್ಲ. ಆದರೆ ನಿನ್ನೆ ಸಾನಿಯಾ ತನ್ನ ರೊಟ್ಟಿ ಮುಗಿಸಿದವಳೇ, ಕೇಳದೆ ನನ್ನ ತಾಟಿನದನ್ನೂ ಎಳೆದುಕೊಂಡಳು. ನಾನು ಇನ್ನೊಂದು ಬಡಿಯಲು ಒಲೆಯತ್ತ ಓಡಿದೆ.