ಊಟಕ್ಕೆ ಬನ್ನಿ ಅಂದಿದ್ದರು, ಅಷ್ಟೇ

ಬ್ರೇಕ್ ಮೇಡಂ ಎಂದರೆ ಆ ಪೇಟೆಯಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಗೊತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡಕ್ಕೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಇಪ್ಪತ್ತೈದು ವರ್ಷ ಕಾಲಿಟ್ಟುಕೊಂಡು ಕೂತವರು ಅವರು. ಬೈಯುವುದಿಲ್ಲ, ಕೂಗುವುದಿಲ್ಲ. "ನಿಧಾನ" ಎನ್ನುತ್ತಾರೆ, ಕೇಳದಿದ್ದರೆ ಒತ್ತುತ್ತಾರೆ. ವಯಸ್ಸು ಐವತ್ತೊಂದು. ಮದುವೆಯಾಗಿರಲಿಲ್ಲ.

ಒಮ್ಮೆ ಆಗಬೇಕಿತ್ತು. ನಾನೂರು ಜನಕ್ಕೆ ಕರೆಯೋಲೆ ಹೋಗಿ, ಇನ್ನು ಐದೇ ದಿನ ಎನ್ನುವಾಗ ಹುಡುಗ ಬೇಡವೆಂದ. ಅಕ್ಕ ಫೋನಿನ ಮುಂದೆ ಕೂತು ಒಬ್ಬೊಬ್ಬರಿಗೂ "ಮದುವೆ ನಿಂತಿದೆ, ಬರಬೇಡಿ" ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡರು. ಪಕ್ಕದ ಕೋಣೆಯಲ್ಲಿ ಅದನ್ನೆಲ್ಲ ಕೇಳಿಸಿಕೊಂಡ ತಂಗಿ ಮತ್ತೆ ಮದುವೆಯ ಮಾತೆತ್ತಲಿಲ್ಲ. ಅದೇ ವರ್ಷ ಸ್ಕೂಲು ತೆರೆದರು.

ಹೀಗಿರುವಾಗ ಕನ್ನಡಕದಂಗಡಿಯವರು ಕಾರು ಕಲಿಯಲು ಬಂದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಮೆತ್ತಗಿನ ಮನುಷ್ಯ. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವರಿಗೆ ರಿವರ್ಸ್ ಹೋಗುವಾಗ ಹಿಂದಿನ ಕಂಬ ಮಾತ್ರ ಕಾಣುತ್ತಿರಲಿಲ್ಲ. ಮೂರು ಸಲ ಫೇಲಾದರು. ನಾಲ್ಕನೆಯ ಸಲ ಪಾಸಾಗಿ ಲೈಸೆನ್ಸ್ ಕೈಗೆ ಬಂದ ದಿನ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು.

"ಯಾಕ್ರೀ, ಖುಷಿ ಆಗ್ಲಿಲ್ವಾ?"

"ನಾಳೆಯಿಂದ ಕ್ಲಾಸ್ ಇರಲ್ವಲ್ಲ ಮೇಡಂ."

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಮದುವೆಯವರೆಗೂ ಬಂತು. ಮೇಡಂ ಒಪ್ಪಿದರು, ಆದರೆ ಒಂದು ಷರತ್ತು: ಸಹಿ ಬೀಳುವವರೆಗೆ ನರಪಿಳ್ಳೆಗೂ ತಿಳಿಯಬಾರದು.

"ಹಾಗಾದ್ರೆ ಜನ ಬೇಡ್ವಾ?"

"ಎಲ್ರೂ ಬೇಕು. ಮದುವೆಗೆ ಅಂತ ಕರೆಯಲ್ಲ, ಅಷ್ಟೇ. ನೀವು ಬರ್ದೇ ಹೋದ್ರೆ ಊಟ ಮಾಡ್ಕೊಂಡು ಹೋಗ್ತಾರೆ."

"ನಾನ್ಯಾಕೆ ಬರಲ್ಲ?"

"ಅವನೂ ಹಾಗೇ ಅಂದಿದ್ದ."

ಸುಳ್ಳು ಹೇಳುವುದು ಮೇಡಂಗೆ ಆಗದ ಕೆಲಸ. ಪುಣ್ಯಕ್ಕೆ ಸ್ಕೂಲಿಗೆ ಆ ತಿಂಗಳೇ ಇಪ್ಪತ್ತೈದು ತುಂಬುತ್ತಿತ್ತು. "ಶನಿವಾರ ಹನ್ನೊಂದಕ್ಕೆ ಊಟಕ್ಕೆ ಬನ್ನಿ" ಎಂದು ನಲವತ್ತು ಜನರನ್ನು ಕರೆದರು. ತಿಂಗಳ ಮೊದಲೇ ನೋಂದಣಿ ಕಚೇರಿಯ ಬೋರ್ಡಿಗೆ ಹಚ್ಚಿದ್ದ ನೋಟಿಸನ್ನು ಪುಣ್ಯಕ್ಕೆ ಯಾರೂ ಓದಿರಲಿಲ್ಲ. ಮದುವೆ ನೋಂದಣಿ ಅಧಿಕಾರಿ ಸ್ಕೂಲಿಗೇ ಬಂದು ಸಹಿ ಹಾಕಿಸಲು ಒಪ್ಪಿದರು. ಹನ್ನೆರಡೂವರೆಗೆ ಅವರಿಗೆ ಇನ್ನೊಂದು ಕಡೆ ಹೋಗಬೇಕಿತ್ತು. ಆ ವಾರವಿಡೀ ಕನ್ನಡಕದಂಗಡಿಯವರು ಎಷ್ಟು ಗಲಿಬಿಲಿಯಲ್ಲಿದ್ದರೆಂದರೆ, ಒಬ್ಬ ಮೇಷ್ಟ್ರ ಕನ್ನಡಕವನ್ನು ಅವರ ಅತ್ತೆಗೂ ಅತ್ತೆಯದನ್ನು ಮೇಷ್ಟ್ರಿಗೂ ಕೊಟ್ಟು ಕಳಿಸಿದರು.

ಶನಿವಾರ ಕ್ಲಾಸಿನ ಕೋಣೆ ತುಂಬಿತು. ಗೋಡೆಯ ತುಂಬ ರಸ್ತೆ ಚಿಹ್ನೆಗಳು; ಪಾಠಕ್ಕೆಂದು ಸೀಳಿಟ್ಟ ಗೇರ್ ಬಾಕ್ಸ್ ಇರುತ್ತಿದ್ದ ಮೇಜಿನ ಮೇಲೆ ಹೂವು. ದಪ್ಪ ಪುಸ್ತಕ ಹಿಡಿದು ಕೂತ ಅಧಿಕಾರಿಯನ್ನು ಎಲ್ಲರೂ ಸಾರಿಗೆ ಇಲಾಖೆಯವರೆಂದುಕೊಂಡರು. ಒಬ್ಬ ಶಿಷ್ಯ ಹತ್ತಿರ ಹೋಗಿ, "ಸಾರ್, ನನ್ನ ಲೈಸೆನ್ಸ್ ಇನ್ನೂ ಬಂದಿಲ್ಲ" ಎಂದ.

"ನಾನು ಕೊಡೋದು ಬೇರೆ ಲೈಸೆನ್ಸಪ್ಪ" ಎಂದರು ಅವರು. ಲಾರಿಯದಿರಬೇಕು ಎಂದುಕೊಂಡು ಅವನು ಹಿಂದೆ ಸರಿದ.

ಭಾವ ಬಂದರು. ಒಬ್ಬರೇ ಬಂದರು. ಅಷ್ಟರಲ್ಲಿ ಅಕ್ಕನ ಫೋನು.

"ನಾನು ಬರಲ್ಲ ಕಣೇ. ತಲೆಗೆ ಬಣ್ಣ ಹಚ್ಕೊಂಡು ಕೂತಿದೀನಿ. ನಿನ್ನ ಸ್ಕೂಲು ನಾನು ನೋಡದ್ದಾ?"

ಗುಟ್ಟು ಇಷ್ಟು ಚೆನ್ನಾಗಿ ಉಳಿದರೆ ಹೀಗೂ ಆಗುತ್ತದೆಂದು ಮೇಡಂಗೆ ಹೊಳೆದಿರಲಿಲ್ಲ. ಸುತ್ತ ನಲವತ್ತು ಜೊತೆ ಕಿವಿ; ಫೋನಿನಲ್ಲಿ ಹೇಳುವಂತಿಲ್ಲ. ಅಕ್ಕ ಇಲ್ಲದೆ ಸಹಿ ಹಾಕುವ ಮಾತೇ ಇಲ್ಲ.

"ಭಾವ, ಅರ್ಧ ಗಂಟೆ ಇವರನ್ನೆಲ್ಲ ಹಿಡಿದಿಟ್ಕೊಳ್ಳಿ. ಏನಾದ್ರೂ ಮಾತಾಡಿ."

ಮನೆಯಲ್ಲಿ ಬಾಯಿ ತೆರೆಯಲು ಅವಕಾಶ ಸಿಗದ ಭಾವ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

ಕಾರಿನಲ್ಲಿ ಕೂತ ಮೇಡಂ ಮನೆ ಬೀಗದ ಕೀಲಿಯನ್ನೇ ಕಾರಿಗೆ ಹಾಕಲು ನೋಡಿದರು. "ಈ ಕಡೆ ಬನ್ನಿ ಮೇಡಂ, ನಾನು ಓಡಿಸ್ತೀನಿ" ಎಂದರು ಕನ್ನಡಕದಂಗಡಿಯವರು. ಪ್ರತಿ ತಿರುವಿಗೂ ಮೇಡಂ ತಮ್ಮ ಕಡೆಯ ಬ್ರೇಕ್ ಒತ್ತಿದರು. ಕಾರು ಬಿಕ್ಕಳಿಸುತ್ತ ಹೋಯಿತು.

"ಕಾಲು ತೆಗೀರಿ. ಹೀಗಾದ್ರೆ ನಾಳೆ ಮುಟ್ತೀವಿ."

ಅಕ್ಕ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಬಾಗಿಲು ತೆರೆದರು.

"ಅಕ್ಕ, ಬೇಗ ಹೊರಡು. ಮದುವೆ."

"ಯಾರದ್ದೇ?"

"ನಂದು. ಇವರ ಜೊತೆ."

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಕನ್ನಡಕ ಮಾಡಿದವರಲ್ವಾ? ಕಿವಿ ಹಿಂದೆ ಒತ್ತತ್ತೆ." ಆಮೇಲೆ ತಂಗಿಯ ಕಡೆ ತಿರುಗಿ, ದನಿ ಇಳಿಸಿ, "ನನಗೂ ಹೇಳ್ಬಾರ್ದಿತ್ತಾ?"

"ಹೇಳಿ, ಮತ್ತೆ ಏನಾದ್ರೂ ಎಡವಟ್ಟಾಗಿದ್ರೆ? ಆವತ್ತಿನ ನಿನ್ನ ದನಿ ಇನ್ನೂ ನನ್ನ ಕಿವೀಲಿದೆ ಅಕ್ಕ. ಎರಡನೇ ಸಲ ಕೇಳೋ ಶಕ್ತಿ ನನಗಿಲ್ಲ."

ಅಕ್ಕ ಒಳಗೆ ಹೋದರು. ಬಚ್ಚಲಿನಲ್ಲಿ ನೀರು ಧಾರಾಕಾರ ಸುರಿದ ಸದ್ದು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಕೂದಲು ಮುಂದೆ ಕಪ್ಪು, ಹಿಂದೆ ಬಿಳಿ, ನಡುವೆ ಯಾವ ಬಣ್ಣವೆಂದು ಹೇಳಲಾಗದು. "ಬಣ್ಣ ಕಣ್ಣಿಗೆ ಹೋಯ್ತು" ಎಂದರು. "ನಡೀರಿ, ಏನ್ ನೋಡ್ತೀರಾ?"

ಅವರು ತಲುಪಿದಾಗ ಭಾವ ತಮ್ಮ ಮೊದಲ ಸೈಕಲ್ಲಿನ ಕಥೆಯಲ್ಲಿದ್ದರು. ನಾಲ್ಕು ಜನ ತೂಕಡಿಸುತ್ತಿದ್ದರು. ಅಧಿಕಾರಿ ಎದ್ದು ಮೇಡಂ, ಕನ್ನಡಕದಂಗಡಿಯವರು ಇಬ್ಬರನ್ನೂ ಮುಂದೆ ಕರೆದು, "ಇವರ ಮದುವೆಗೆ ಯಾರದ್ದಾದರೂ ಅಡ್ಡಿ ಇದೆಯೇ?" ಎಂದು ಕೇಳಿದರು. ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು.

"ಹಾಗಾದ್ರೆ ನಾನು ಇಷ್ಟೊತ್ತು ಮಾತಾಡಿದ್ದು ಯಾವುದಕ್ಕೆ?" ಎಂದರು ಭಾವ.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ಲೆಕ್ಕವಿಲ್ಲ. ಸಾಕ್ಷಿಯ ಮೊದಲ ಸಹಿ ಅಕ್ಕನದು. ಅರ್ಜಿಯನ್ನು ಒಂದಕ್ಷರ ಬಿಡದೆ ಓದಿಯೇ ಹಾಕಿದರು. ಗಡಿಯಾರ ಹನ್ನೆರಡು ಇಪ್ಪತ್ತೈದು ತೋರಿಸುತ್ತಿತ್ತು.

ಸಂಜೆ ನಾಲ್ಕಕ್ಕೆ ಎಲ್ಲರೂ ಹೋದ ಮೇಲೆ ಇಬ್ಬರೂ ಕುರ್ಚಿ ಮಡಚಿಟ್ಟು, ಪಾತ್ರೆಯ ತಳದಲ್ಲಿ ಉಳಿದ ಅನ್ನ ಬಡಿಸಿಕೊಂಡು ಕೂತರು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಎರಡು ತುತ್ತು ಇಳಿದ ಮೇಲೆ ಅವರು ಮೆಲ್ಲಗೆ ಕೇಳಿದರು.

"ಮೇಡಂ, ಈಗ ಯಾರ ಮನೆಗೆ ಹೋಗೋದು?"

ಅಷ್ಟೆಲ್ಲ ಯೋಜನೆ ಹಾಕಿದವರಿಗೆ ಅದೊಂದು ನೆನಪೇ ಆಗಿರಲಿಲ್ಲ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು, ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕರು.

"ನಮ್ಮನೆಗೇ ನಡೀರಿ" ಎಂದರು ಕೊನೆಗೆ. "ಎರಡು ದಿನದಿಂದ ಗಿಡಕ್ಕೆ ನೀರು ಹಾಕಿಲ್ಲ."